ಒಂದು ಡಿಸ್ಕ್, ನಾಲ್ಕು ಯುನಿಕ್ಸ್: ಎನ್‌ಎಫ್‌ಎಸ್ ಹೆಸರು ನೋಡುವುದಿಲ್ಲ, ನಂಬರ್ ನೋಡುತ್ತದೆ

ಪ್ರಶ್ನೆ: ನಮ್ಮ ಸಣ್ಣ ಆಫೀಸಿನಲ್ಲಿ ಡೆಬಿಯನ್ ಲಿನಕ್ಸ್ ಇರುವ ಒಂದು ಮೆಷಿನ್‌ನಲ್ಲಿ 8 ಟಿಬಿ ಜಾಗ ಇದೆ. ಎರಡು ಫ್ರೀಬಿಎಸ್‌ಡಿ, ಒಂದು ಹಳೆಯ ಸೋಲಾರಿಸ್ 10, ಎರಡು ಮ್ಯಾಕ್, ಇಷ್ಟಕ್ಕೂ ಆ ಜಾಗ ಸಿಗಬೇಕು. ನೆಟ್‌ವರ್ಕ್ ಮೂಲಕ ಡಿಸ್ಕ್ ಹಂಚುವ ಎನ್‌ಎಫ್‌ಎಸ್ ಹಾಕಿ ನೋಡಿದೆ. ಫ್ರೀಬಿಎಸ್‌ಡಿಯಲ್ಲಿ ಮೌಂಟ್ ಆಗುತ್ತದೆ (ಡಿಸ್ಕ್ ಬಂದು ಸೇರಿಕೊಳ್ಳುತ್ತದೆ), ಆದರೆ ನನ್ನ ಫೈಲಿಗೇ ನನಗೆ ‘ಪರ್ಮಿಷನ್ ಡಿನೈಡ್’. ಸೋಲಾರಿಸ್‌ನಲ್ಲಿ ಎಲ್ಲ ಫೈಲೂ ‘ನೋಬಡಿ’ ಹೆಸರಿನಲ್ಲಿವೆ. ಮ್ಯಾಕ್ ಅಂತೂ ‘ಆಪರೇಷನ್ ನಾಟ್ ಪರ್ಮಿಟೆಡ್’ ಅಂದು ಮೌಂಟೇ ಮಾಡುವುದಿಲ್ಲ. ಇದನ್ನೆಲ್ಲ ಬಿಟ್ಟು ವಿಂಡೋಸ್ ರೀತಿಯಲ್ಲಿ ಫೈಲ್ ಹಂಚುವ ಸಾಂಬಾ ಹಾಕಿಬಿಡಲೇ?

ಉತ್ತರ: ಸದ್ಯಕ್ಕೆ ಬೇಡ. ನೀವು ಹೇಳಿದ ಮೂರು ತೊಂದರೆಗೆ ಮೂರು ಬೇರೆ ಬೇರೆ ಕಾರಣಗಳಿವೆ, ಮೂರೂ ಸರಿಹೋಗುವಂಥವೇ. ಯುನಿಕ್ಸ್‌ನಿಂದ ಯುನಿಕ್ಸ್‌ಗೆ ಫೈಲಿನ ಮಾಲೀಕ, ಗ್ರೂಪು, ಪರ್ಮಿಷನ್, ಸಿಂಬಾಲಿಕ್ ಲಿಂಕು ಇದ್ದ ಹಾಗೇ ದಾಟಬೇಕಾದರೆ ಎನ್‌ಎಫ್‌ಎಸ್ಸೇ ಸರಿ. ಸನ್ ಮೈಕ್ರೋಸಿಸ್ಟಮ್ಸ್ 1980ರ ದಶಕದ ನಡುವೆ ಅದನ್ನು ಮಾಡಿದ್ದೇ ಈ ಕೆಲಸಕ್ಕೆ. ಇವತ್ತು ನಿಮಗೆ ಬೇಕಾದ ಆವೃತ್ತಿಗಳು ಎರಡೇ: 1995ರಲ್ಲಿ ಆರ್‌ಎಫ್‌ಸಿ 1813 ಎಂಬ ಇಂಟರ್‌ನೆಟ್ ದಾಖಲೆಯಾಗಿ ಬಂದ 3ನೆಯದು ಮತ್ತು ಅದರ ನಂತರದ 4ನೆಯದು. 2ನೆಯದರಲ್ಲಿ 2 ಜಿಬಿಗಿಂತ ದೊಡ್ಡ ಫೈಲನ್ನು ಮುಟ್ಟಲಾಗುತ್ತಿರಲಿಲ್ಲ, ಅದನ್ನು ಮರೆತುಬಿಡಿ.

(ಕಮಾಂಡುಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು.)

ಫ್ರೀಬಿಎಸ್‌ಡಿಯ ತೊಂದರೆಯಿಂದ ಶುರು ಮಾಡೋಣ, ಏಕೆಂದರೆ ಉಳಿದೆಲ್ಲವೂ ಅದರ ಮೇಲೆ ನಿಂತಿದೆ. ಸಾಮಾನ್ಯ ಎನ್‌ಎಫ್‌ಎಸ್‌ನಲ್ಲಿ ಪ್ರತಿ ಕೋರಿಕೆಯ ಜೊತೆ ಹೋಗುವುದು ಯೂಸರ್ ಹೆಸರಲ್ಲ, ಯುಐಡಿ (ಯೂಸರಿನದು) ಮತ್ತು ಜಿಐಡಿ (ಗ್ರೂಪಿನದು) ಎಂಬ ನಂಬರುಗಳು. ಸರ್ವರ್ ಆ ನಂಬರನ್ನು ಫೈಲಿನ ಮೇಲಿರುವ ನಂಬರಿನ ಜೊತೆ ತಾಳೆ ನೋಡುತ್ತದೆ, ಅಷ್ಟೆ. ಎರಡೂ ಕಡೆ ‘ರವಿ’ ಎಂಬ ಯೂಸರ್ ಇದ್ದಾನೆ ಎನ್ನುವುದು ಅದಕ್ಕೆ ಬೇಕಿಲ್ಲ. ಈಗ ನೋಡಿ: ಡೆಬಿಯನ್‌ನಲ್ಲಿ ಮೊದಲ ಯೂಸರಿಗೆ ಸಿಗುವ ನಂಬರ್ 1000. ಫ್ರೀಬಿಎಸ್‌ಡಿ ಇನ್‌ಸ್ಟಾಲ್ ಮಾಡುವಾಗ ಸೇರಿಸಿದ ಮೊದಲಿಗರಿಗೆ ಸಾಮಾನ್ಯವಾಗಿ 1001. ಸೋಲಾರಿಸ್ 10ರಲ್ಲಿ 100ರಿಂದ ಶುರು. ಮ್ಯಾಕ್‌ನಲ್ಲಿ 501. ಅಂದರೆ ಫ್ರೀಬಿಎಸ್‌ಡಿಯ ರವಿ 1001 ಎಂದು ಹೋಗಿ ಬಾಗಿಲು ತಟ್ಟಿದರೆ, ಡೆಬಿಯನ್ ಅವನನ್ನು ತನ್ನಲ್ಲಿರುವ ಎರಡನೆಯ ಯೂಸರ್ ಅಂದುಕೊಳ್ಳುತ್ತದೆ. ಪರ್ಮಿಷನ್ ಸಿಗದಿರುವುದು ಮಾತ್ರವಲ್ಲ, ಬೇರೆಯವರ ಫೈಲು ಅವನಿಗೆ ತೆರೆದುಕೊಳ್ಳುತ್ತದೆ. ಇನ್ನೂ ಕೆಟ್ಟದ್ದು ನಿಮ್ಮ ಎರಡು ಮ್ಯಾಕ್‌ಗಳದ್ದು: ಎರಡರಲ್ಲೂ ಮೊದಲ ಯೂಸರ್ 501 ಆದ್ದರಿಂದ ಇಬ್ಬರು ಬೇರೆ ಬೇರೆ ಮನುಷ್ಯರು ಸರ್ವರಿನ ಕಣ್ಣಿಗೆ ಒಬ್ಬರೇ.

ಇದನ್ನು ಕಣ್ಣಾರೆ ನೋಡಬೇಕಾದರೆ ಎಲ್ಲ ಮೆಷಿನ್‌ನಲ್ಲೂ ‘ಎಲ್‌ಎಸ್ -ಎಲ್‌ಎನ್’ ಕೊಡಿ. ‘ಎನ್’ ಸೇರಿಸಿದರೆ ಹೆಸರಿನ ಬದಲು ನಂಬರ್ ತೋರಿಸುತ್ತದೆ. ಎನ್‌ಎಫ್‌ಎಸ್ ತಕರಾರಿನಲ್ಲಿ ಹೆಸರು ತೋರಿಸುವ ‘ಎಲ್‌ಎಸ್ -ಎಲ್’ ಅನ್ನು ನಂಬಲೇಬಾರದು. ಮ್ಯಾಕ್‌ನಲ್ಲಿ ಮಾಡಿದ ಫೈಲುಗಳು ಡೆಬಿಯನ್‌ನಲ್ಲಿ ಮೋಡೆಮ್ ಬಳಸುವವರ ‘ಡಯಲ್‌ಔಟ್’ ಗ್ರೂಪಿಗೆ ಸೇರಿದಂತೆ ಕಂಡು ಜನ ಗಾಬರಿಯಾಗುವುದುಂಟು. ಮೋಡೆಮ್ಮಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಮ್ಯಾಕ್‌ನಲ್ಲಿ ಎಲ್ಲರ ಮೂಲ ಗ್ರೂಪು ‘ಸ್ಟಾಫ್’, ಅದರ ನಂಬರ್ 20. ಡೆಬಿಯನ್‌ನಲ್ಲಿ 20 ಎಂದರೆ ಡಯಲ್‌ಔಟ್.

ಆದ್ದರಿಂದ ಮೊದಲು ಒಂದು ಹಾಳೆ ತೆಗೆದುಕೊಂಡು ಒಬ್ಬೊಬ್ಬರಿಗೂ ಒಂದೊಂದು ನಂಬರ್ ಬರೆಯಿರಿ. ಯಾವ ಸಿಸ್ಟಮ್ಮೂ ತಾನಾಗಿ ಕೊಡದಂಥ ಜಾಗದಿಂದ ಶುರು ಮಾಡಿ, 5001, 5002 ಹೀಗೆ. ಎಲ್ಲರೂ ಸೇರುವ ಒಂದು ಗ್ರೂಪಿಗೆ 5000 ಇರಲಿ. ಲಿನಕ್ಸ್, ಸೋಲಾರಿಸ್ ಎರಡರಲ್ಲೂ ‘ಯೂಸರ್‌ಮಾಡ್ -ಯು 5001 ರವಿ’. ಫ್ರೀಬಿಎಸ್‌ಡಿಯಲ್ಲಿ ‘ಪಿಡಬ್ಲ್ಯು ಯೂಸರ್‌ಮಾಡ್ ರವಿ -ಯು 5001’. ಆ ಯೂಸರ್ ಲಾಗಿನ್ ಆಗಿರುವಾಗ ಇದನ್ನು ಮಾಡಬೇಡಿ. ನಂಬರ್ ಬದಲಾದರೆ ಹಳೆಯ ಫೈಲುಗಳು ಹಳೆಯ ನಂಬರಿನಲ್ಲೇ ಅನಾಥವಾಗಿ ಉಳಿಯುತ್ತವೆ. ಲಿನಕ್ಸ್‌ನ ಯೂಸರ್‌ಮಾಡ್ ಹೋಮ್ ಡೈರೆಕ್ಟರಿಯ ಒಳಗಿನದನ್ನು ಮತ್ತು ಮೇಲ್‌ಬಾಕ್ಸನ್ನು ಮಾತ್ರ ಬದಲಿಸಿಕೊಡುತ್ತದೆ. ಉಳಿದದ್ದಕ್ಕೆ ‘ಫೈಂಡ್ /ಡೇಟಾ -ಯೂಸರ್ 1000 -ಎಕ್ಸೆಕ್ ಚೋನ್ -ಎಚ್ 5001 {} +’ ಓಡಿಸಿ. ‘-ಎಚ್’ ಬಿಟ್ಟರೆ ಸಿಂಬಾಲಿಕ್ ಲಿಂಕಿನ ಬದಲು ಅದು ತೋರಿಸುವ ಫೈಲಿನ ಮಾಲೀಕ ಬದಲಾಗಿ ಎಲ್ಲೋ ಏನೋ ಮುರಿಯುತ್ತದೆ.

ಮ್ಯಾಕ್‌ನಲ್ಲಿ ಯುಐಡಿ ಬದಲಿಸಬಹುದು, ಆದರೆ ಬೇರೊಂದು ಅಡ್ಮಿನ್ ಅಕೌಂಟಿನಿಂದ ಲಾಗಿನ್ ಆಗಿ ಮಾಡಬೇಕು, ಎಡವಿದರೆ ಆ ಯೂಸರಿನ ಲಾಗಿನ್ನೇ ಕೆಡುತ್ತದೆ. ಆಫೀಸಿನ ಕೆಲಸದ ಮ್ಯಾಕ್‌ನಲ್ಲಿ ಆ ಸಾಹಸ ಬೇಡ. ಸರ್ವರ್ ಕಡೆಯಿಂದಲೇ ಅದನ್ನು ಸುಧಾರಿಸಬಹುದು. ಡೆಬಿಯನ್‌ನ ‘/ಈಟಿಸಿ/ಎಕ್ಸ್‌ಪೋರ್ಟ್ಸ್’ ಫೈಲಿನಲ್ಲಿ ಹೀಗೆ ಬರೆಯಿರಿ, ಎಲ್ಲವೂ ಒಂದೇ ಸಾಲಿನಲ್ಲಿ:

/ಡೇಟಾ 192.168.10.0/24(ಆರ್‌ಡಬ್ಲ್ಯು,ಸಿಂಕ್,ನೋ_ಸಬ್‌ಟ್ರೀ_ಚೆಕ್,ಎಂಪಿ) 192.168.10.31(ಆರ್‌ಡಬ್ಲ್ಯು,ಸಿಂಕ್,ನೋ_ಸಬ್‌ಟ್ರೀ_ಚೆಕ್,ಎಂಪಿ,ಆಲ್_ಸ್ಕ್ವಾಶ್,ಅನಾನ್‌ಯುಐಡಿ=5003,ಅನಾನ್‌ಜಿಐಡಿ=5000)

ಮೊದಲ ಭಾಗ ಇಡೀ ನೆಟ್‌ವರ್ಕಿಗೆ. ಎರಡನೆಯದು 31ನೇ ವಿಳಾಸದ ಮ್ಯಾಕ್ ಒಂದಕ್ಕೇ: ಅಲ್ಲಿಂದ ಯಾವ ನಂಬರ್ ಬಂದರೂ ಅದನ್ನು 5003 ಎಂದು ತಿಳಿ ಎಂದರ್ಥ. ಒಂದೇ ಮೆಷಿನ್ ಎರಡೂ ಭಾಗಕ್ಕೆ ಹೊಂದಿದರೆ ಲಿನಕ್ಸ್ ಯಾವಾಗಲೂ ಒಂಟಿ ವಿಳಾಸದ ಮಾತನ್ನೇ ಕೇಳುತ್ತದೆ, ಸಾಲಿನಲ್ಲಿ ಯಾವುದು ಮೊದಲು ಬಂತು ಎಂದು ನೋಡುವುದಿಲ್ಲ. ಇನ್ನೊಂದು ಮ್ಯಾಕ್‌ಗೆ 5004 ಹಾಕಿ ಇಂಥದೇ ಮೂರನೆಯ ಭಾಗ ಸೇರಿಸಿ. ಒಂದು ಮ್ಯಾಕ್‌ಗೆ ಒಬ್ಬರೇ ಯೂಸರ್ ಇದ್ದರೆ ಈ ಏರ್ಪಾಡು ಸಾಕು. ಇಬ್ಬರು ಹಂಚಿಕೊಳ್ಳುತ್ತಿದ್ದರೆ ಸಾಲದು. ಮ್ಯಾಕ್‌ನ ಐಪಿ ವಿಳಾಸ ದಿನಕ್ಕೊಂದು ಬದಲಾಗದಂತೆ ರೌಟರಿನಲ್ಲಿ ಕಟ್ಟಿಹಾಕುವುದನ್ನು ಮರೆಯಬೇಡಿ.

ಆ ಸಾಲಿನಲ್ಲಿ ವಿಳಾಸಕ್ಕೂ ಆವರಣ ಚಿಹ್ನೆಗೂ ನಡುವೆ ಖಾಲಿ ಜಾಗ ಇರಲೇಬಾರದು. ಒಂದು ಸ್ಪೇಸ್ ಬಿದ್ದರೆ ಅರ್ಥವೇ ತಲೆಕೆಳಗು: ನಿಮ್ಮ ನೆಟ್‌ವರ್ಕಿಗೆ ಡಿಫಾಲ್ಟ್ ಪ್ರಕಾರ ಓದುವ ಹಕ್ಕು ಮಾತ್ರ ಸಿಗುತ್ತದೆ, ಬರೆಯುವ ಹಕ್ಕು ಊರಿಗೆಲ್ಲ ಹೋಗುತ್ತದೆ. ‘ಆರ್‌ಡಬ್ಲ್ಯು ಹಾಕಿದ್ದೇನೆ, ಆದರೂ ರೀಡ್ ಓನ್ಲಿ ಅನ್ನುತ್ತಿದೆ’ ಎನ್ನುವವರು ಮೊದಲು ಆ ಸ್ಪೇಸ್ ಹುಡುಕಬೇಕು. ಬದಲಾವಣೆ ಆದ ಮೇಲೆ ‘ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ’, ನಂತರ ‘ಎಕ್ಸ್‌ಪೋರ್ಟ್‌ಎಫ್‌ಎಸ್ -ವಿ’ ಕೊಟ್ಟು ಸರ್ವರ್ ಏನು ಅರ್ಥ ಮಾಡಿಕೊಂಡಿದೆ ಎಂದು ಓದಿ ನೋಡಿ.

‘ಎಂಪಿ’ ಎನ್ನುವುದು ಬಹಳ ಜನ ಹಾಕದ, ಹಾಕಲೇಬೇಕಾದ ಮಾತು. /ಡೇಟಾ ಎನ್ನುವುದು ಬೇರೆ ಡಿಸ್ಕ್ ಆಗಿದ್ದು, ಕರೆಂಟ್ ಹೋಗಿ ಬಂದಾಗ ಅದು ಮೌಂಟ್ ಆಗದೆ ಉಳಿಯಿತು ಅಂದುಕೊಳ್ಳಿ. ಆಗ ಸರ್ವರ್ ಬರೀ ಖಾಲಿ ಡೈರೆಕ್ಟರಿಯನ್ನು ಹಂಚುತ್ತದೆ. ಅತ್ತ ಕಡೆಯವರು ‘ಎಲ್ಲ ಅಳಿಸಿಹೋಯಿತು’ ಎಂದು ಬೊಬ್ಬೆ ಹಾಕುತ್ತಾರೆ, ಇತ್ತ ರಾತ್ರಿಯ ಬ್ಯಾಕಪ್ ಬಂದು ಸರ್ವರಿನ ರೂಟ್ ಡಿಸ್ಕನ್ನು (ಸಿಸ್ಟಮ್ ಇರುವ ಡಿಸ್ಕನ್ನು) ತುಂಬಿಸುತ್ತದೆ. ಎಂಪಿ ಇದ್ದರೆ ಡಿಸ್ಕ್ ಮೌಂಟ್ ಆಗಿದ್ದರೆ ಮಾತ್ರ ಹಂಚಿಕೆ. ಇದರ ಅಣ್ಣತಮ್ಮನಂಥ ಇನ್ನೊಂದು: /ಡೇಟಾ ಒಳಗೆ /ಡೇಟಾ/ಚಿತ್ರ ಎಂದು ಮತ್ತೊಂದು ಡಿಸ್ಕ್ ಮೌಂಟ್ ಮಾಡಿದ್ದರೆ ಕ್ಲೈಂಟಿಗೆ (ಡಿಸ್ಕನ್ನು ದೂರದಿಂದ ಬಳಸುವ ಮೆಷಿನ್‌ಗೆ) ಅದು ಖಾಲಿ ಕಾಣುತ್ತದೆ. ಎಕ್ಸ್‌ಪೋರ್ಟ್ ಒಂದು ಫೈಲ್‌ಸಿಸ್ಟಮ್‌ನ ಗಡಿ ದಾಟುವುದಿಲ್ಲ. ‘ಕ್ರಾಸ್‌ಎಂಎನ್‌ಟಿ’ ಸೇರಿಸಿ, ಇಲ್ಲವೇ ಅದನ್ನು ಬೇರೆ ಸಾಲಿನಲ್ಲಿ ಹಂಚಿ ಬೇರೆಯಾಗಿ ಮೌಂಟ್ ಮಾಡಿ.

ಕ್ಲೈಂಟಿನಲ್ಲಿ ರೂಟ್ (ಎಲ್ಲ ಹಕ್ಕೂ ಇರುವ ಯೂಸರ್) ಆಗಿ ಕಾಪಿ ಮಾಡಲು ಹೋದರೂ ‘ಪರ್ಮಿಷನ್ ಡಿನೈಡ್’ ಬಂದರೆ ಅದು ದೋಷವಲ್ಲ. ಬೇರೆ ಮೆಷಿನ್‌ನ ರೂಟನ್ನು ಸರ್ವರ್ ನೋಬಡಿ ಮಾಡುತ್ತದೆ. ‘ನೋ_ರೂಟ್_ಸ್ಕ್ವಾಶ್’ ಹಾಕಿದರೆ ಆ ತಡೆ ಹೋಗುತ್ತದೆ, ಜೊತೆಗೆ ಆ ಕ್ಲೈಂಟ್ ಯಾರ ಕೈಗೆ ಸಿಕ್ಕರೂ ನಿಮ್ಮ ಡಿಸ್ಕ್ ಅವರ ಕೈಗೆ ಹೋಗುತ್ತದೆ. ಅದರ ಬದಲು ಹಂಚಿದ ಡೈರೆಕ್ಟರಿಯ ಗ್ರೂಪನ್ನು 5000 ಮಾಡಿ, ‘ಚ್‌ಮಾಡ್ 2775’ ಕೊಡಿ. ಮುಂದಿರುವ 2ರಿಂದಾಗಿ ಒಳಗೆ ಹುಟ್ಟುವ ಫೈಲುಗಳು ಅದೇ ಗ್ರೂಪಿಗೆ ಸೇರುತ್ತವೆ. ಯೂಸರ್‌ಗಳ ಉಮಾಸ್ಕ್ (ಹೊಸ ಫೈಲಿನಿಂದ ಯಾವ ಹಕ್ಕು ಕಳೆಯಬೇಕು ಎನ್ನುವ ಸಂಖ್ಯೆ) 002 ಇರಬೇಕು. 022 ಇದ್ದರೆ ಗ್ರೂಪಿಗೆ ಬರೆಯುವ ಹಕ್ಕು ಬರುವುದಿಲ್ಲ, ‘ಅವರು ಮಾಡಿದ ಫೈಲ್ ನಾನು ತಿದ್ದಲಾರೆ’ ಎಂಬ ಗೋಳು ಮತ್ತೆ ಶುರು.

ಇನ್ನು ಸೋಲಾರಿಸ್‌ನ ನೋಬಡಿ. ಇದಕ್ಕೆ ಕಾರಣ 4ನೇ ಆವೃತ್ತಿ. ಅದು ಮಾಲೀಕನನ್ನು ‘ರವಿ@ಆಫೀಸ್.ಲ್ಯಾನ್’ ಎಂಬಂತೆ ಹೆಸರು ಮತ್ತು ಡೊಮೈನ್ ಜೋಡಿಸಿ ತಿಳಿಸುತ್ತದೆ. ಎರಡೂ ಕಡೆಯ ಡೊಮೈನ್ ಒಂದೇ ಆಗಿರದಿದ್ದರೆ ಕೈಗೆ ಸಿಗುವುದು ನೋಬಡಿ. ಸಾಲದ್ದಕ್ಕೆ ಇಂದಿನ ಲಿನಕ್ಸ್ ಸರ್ವರ್ ಡಿಫಾಲ್ಟ್ ಆಗಿ ಡೊಮೈನ್ ಬಿಟ್ಟು ಬರೀ ನಂಬರನ್ನೇ ಅಕ್ಷರವಾಗಿ ಕಳಿಸುತ್ತದೆ, ಹಳೆಯ ಸೋಲಾರಿಸ್‌ಗೆ ಅದು ಅರ್ಥವಾಗುವುದಿಲ್ಲ. ಸೋಲಾರಿಸ್ 10 ತಾನಾಗಿ 4ನ್ನೇ ಕೇಳುವುದರಿಂದ ನೀವು ಏನೂ ಮಾಡದೆಯೇ ಇದರಲ್ಲಿ ಸಿಕ್ಕಿಬಿದ್ದಿದ್ದೀರಿ. ಹೆಸರು ಮತ್ತು ನಂಬರ್ ಹೊಂದಿಸುವ ಲಿನಕ್ಸ್‌ನ ಐಡಿಮ್ಯಾಪ್‌ಡಿ ಫೈಲಿನ ಡೊಮೈನ್, ಸೋಲಾರಿಸ್‌ನ ‘/ಈಟಿಸಿ/ಡಿಫಾಲ್ಟ್/ಎನ್‌ಎಫ್‌ಎಸ್’ ಫೈಲಿನ ‘ಎನ್‌ಎಫ್‌ಎಸ್‌ಮ್ಯಾಪ್‌ಐಡಿ_ಡೊಮೈನ್’, ಲಿನಕ್ಸ್ ಕರ್ನಲ್ ಮಾಡ್ಯೂಲಿನ ನಂಬರ್ ಕಳಿಸುವ ಸ್ವಿಚ್, ಮೂರನ್ನೂ ಹೊಂದಿಸಿ ಗೆಲ್ಲಬಹುದು. ಒಂದೇ ಒಂದು ಹಳೆಯ ಮೆಷಿನ್‌ಗೆ ಅಷ್ಟು ಒದ್ದಾಡುವ ಅಗತ್ಯವಿಲ್ಲ. 3ನೇ ಆವೃತ್ತಿಯಲ್ಲಿ ಮೌಂಟ್ ಮಾಡಿ, ಅಲ್ಲಿ ನಂಬರ್ ನಂಬರಾಗಿಯೇ ಹೋಗುತ್ತದೆ:

ಮೌಂಟ್ -ಎಫ್ ಎನ್‌ಎಫ್‌ಎಸ್ -ಓ ವರ್ಸ್=3 ಸರ್ವರ್:/ಡೇಟಾ /ಎಂಎನ್‌ಟಿ/ಡೇಟಾ

ಲಿನಕ್ಸ್‌ನ ‘-ಟಿ’ ಇಲ್ಲಿ ‘-ಎಫ್’ (ದೊಡ್ಡಕ್ಷರದ F). ಶಾಶ್ವತವಾಗಿ ಬರೆಯುವ ಜಾಗವೂ ‘ಎಫ್‌ಎಸ್‌ಟ್ಯಾಬ್’ ಅಲ್ಲ, ‘ವಿಎಫ್‌ಎಸ್‌ಟ್ಯಾಬ್’, ಅದರ ಕಾಲಂಗಳ ಕ್ರಮವೂ ಬೇರೆ. ಸೋಲಾರಿಸ್‌ನಲ್ಲಿ /ಹೋಮ್ ಕೆಳಗೆ ಮೌಂಟ್ ಪಾಯಿಂಟ್ ಮಾಡಲು ಹೋಗಬೇಡಿ. ಅದು ಆಟೋಮೌಂಟರ್ ಕೈಯಲ್ಲಿರುವುದರಿಂದ ರೂಟ್ ಆಗಿದ್ದರೂ ಡೈರೆಕ್ಟರಿ ಮಾಡಲು ಬಿಡುವುದಿಲ್ಲ.

ಈ ಹೆಸರು ಹೊಂದಿಸುವ ಕೆಲಸದ ಬಗ್ಗೆ ಹಬ್ಬಿರುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಿಡಿಸಿಬಿಡೋಣ. ‘4ನೇ ಆವೃತ್ತಿ ಹಾಕಿ ಐಡಿಮ್ಯಾಪ್ ಸರಿ ಮಾಡಿದರೆ ಯುಐಡಿ ಹೊಂದಿಸುವ ಕಷ್ಟವೇ ಇಲ್ಲ’ ಎನ್ನುತ್ತಾರೆ. ಯೂಸರ್ ನಿಜಕ್ಕೂ ಯಾರೆಂದು ಖಾತ್ರಿ ಮಾಡುವ ಕರ್ಬರೋಸ್ ವ್ಯವಸ್ಥೆ ಇಲ್ಲದಿದ್ದರೆ ಅದು ನಿಜವಲ್ಲ. ಐಡಿಮ್ಯಾಪ್ ಬದಲಿಸುವುದು ಫೈಲಿನ ಮಾಲೀಕ ಯಾರೆಂದು ತೋರಿಸುವುದನ್ನು ಮಾತ್ರ. ಬಾಗಿಲಲ್ಲಿ ‘ನೀನು ಯಾರು’ ಎಂದು ಕೇಳಿದಾಗ ಹೋಗುವುದು 4ರಲ್ಲೂ ಅದೇ ಹಳೆಯ ನಂಬರು. ಆದ್ದರಿಂದಲೇ ‘ಎಲ್‌ಎಸ್’ನಲ್ಲಿ ನಿಮ್ಮ ಹೆಸರು ಚೆನ್ನಾಗಿ ಕಂಡರೂ ಬರೆಯಲು ಹೋದರೆ ಹಕ್ಕಿಲ್ಲ ಎನ್ನುವ ವಿಚಿತ್ರ ಸ್ಥಿತಿ ಬರುವುದು. ಅಂದಹಾಗೆ ನೋಬಡಿ ಕೂಡ ಎಲ್ಲ ಕಡೆ ಒಬ್ಬನೇ ಅಲ್ಲ: ಲಿನಕ್ಸ್ ಮತ್ತು ಫ್ರೀಬಿಎಸ್‌ಡಿಯಲ್ಲಿ 65534, ಸೋಲಾರಿಸ್‌ನಲ್ಲಿ 60001, ಮ್ಯಾಕ್‌ನಲ್ಲಿ ಮೈನಸ್ 2.

ಮ್ಯಾಕ್‌ನ ‘ಆಪರೇಷನ್ ನಾಟ್ ಪರ್ಮಿಟೆಡ್’ಗೆ ಕಾರಣ ಪೋರ್ಟ್ ನಂಬರ್. ಲಿನಕ್ಸ್ ಸರ್ವರ್, ಕೋರಿಕೆ 1024ಕ್ಕಿಂತ ಕೆಳಗಿನ ಪೋರ್ಟಿನಿಂದಲೇ ಬರಬೇಕು ಎನ್ನುತ್ತದೆ. ಯುನಿಕ್ಸ್‌ನಲ್ಲಿ ರೂಟ್ ಮಾತ್ರ ಅಂಥ ಪೋರ್ಟ್ ತೆರೆಯಬಲ್ಲ ಎಂಬ ಹಳೆಯ ನಂಬಿಕೆ ಅದು. ಮ್ಯಾಕ್ ಮೇಲಿನ ಪೋರ್ಟಿನಿಂದ ಬರುತ್ತದೆ, ಸರ್ವರ್ ಓಡಿಸುತ್ತದೆ. ಐಬಿಎಂನ ಎಐಎಕ್ಸ್‌ನಲ್ಲೂ ಇದೇ ರಗಳೆ, ಅಲ್ಲಿ ‘ಎನ್‌ಎಫ್‌ಎಸ್‌ಓ’ ಕಮಾಂಡಿನಲ್ಲಿ ‘ಎನ್‌ಎಫ್‌ಎಸ್_ಯೂಸ್_ರಿಸರ್ವ್ಡ್_ಪೋರ್ಟ್ಸ್’ ಅನ್ನು 1 ಮಾಡಬೇಕು. ಸರ್ವರಿನಲ್ಲಿ ‘ಇನ್‌ಸೆಕ್ಯೂರ್’ ಎಂದು ಸೇರಿಸಿದರೂ ನಡೆಯುತ್ತದೆ, ಆದರೆ ಕ್ಲೈಂಟಿನಲ್ಲೇ ತಿದ್ದುವುದು ಲೇಸು:

ಸುಡೊ ಮೌಂಟ್ -ಟಿ ಎನ್‌ಎಫ್‌ಎಸ್ -ಓ ರೆಸ್ವ್‌ಪೋರ್ಟ್,ವರ್ಸ್=3,ಎನ್‌ಎಫ್‌ಸಿ ಸರ್ವರ್:/ಡೇಟಾ /ಯೂಸರ್ಸ್/ಶೇರ್ಡ್/ಡೇಟಾ

ಫೈಂಡರ್‌ನಿಂದ ತೆರೆಯುವವರಿಗಾಗಿ ಮ್ಯಾಕ್‌ನ ‘/ಈಟಿಸಿ/ಎನ್‌ಎಫ್‌ಎಸ್.ಕಾನ್ಫ್’ನಲ್ಲಿ ‘ಎನ್‌ಎಫ್‌ಎಸ್.ಕ್ಲೈಂಟ್.ಮೌಂಟ್.ಆಪ್ಷನ್ಸ್ = ರೆಸ್ವ್‌ಪೋರ್ಟ್,ಎನ್‌ಎಫ್‌ಸಿ’ ಎಂದು ಒಮ್ಮೆ ಬರೆದಿಟ್ಟರೆ ಮುಗಿಯಿತು. ಮ್ಯಾಕ್ ಡಿಸ್ಕಿನ ಬುಡದಲ್ಲೇ (ರೂಟ್‌ನಲ್ಲಿ) /ಡೇಟಾ ಎಂದು ಮೌಂಟ್ ಪಾಯಿಂಟ್ ಮಾಡಲು ಬರುವುದಿಲ್ಲ: 2019ರ ಕ್ಯಾಟಲೀನಾದಿಂದ ಈಚೆಗೆ ಸಿಸ್ಟಮ್ ವಾಲ್ಯೂಮ್ ಓದಲು ಮಾತ್ರ.

ಆ ‘ಎನ್‌ಎಫ್‌ಸಿ’ ಎಂಬ ಮೂರಕ್ಷರ ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಬಹಳ ಮುಖ್ಯ. ಯುನಿಕೋಡ್‌ನಲ್ಲಿ ‘ೋ’ ಎಂಬ ಓತ್ವವನ್ನು ಎರಡು ರೀತಿ ಬರೆಯಬಹುದು: ಒಂದೇ ಸಂಕೇತವಾಗಿ, ಇಲ್ಲವೇ ಎತ್ವ, ಊತ್ವ, ದೀರ್ಘ ಎಂದು ಮೂರು ಸಂಕೇತವಾಗಿ ಬಿಡಿಸಿ. ಕಣ್ಣಿಗೆ ಎರಡೂ ಒಂದೇ. ಡಿಸ್ಕಿನಲ್ಲಿ ಒಂದು 3 ಬೈಟ್, ಇನ್ನೊಂದು 9 ಬೈಟ್. ಮ್ಯಾಕ್‌ನ ಪ್ರೋಗ್ರಾಂಗಳು ಹೆಸರನ್ನು ಬಿಡಿಸಿ ಬರೆಯುವುದು ಸಾಮಾನ್ಯ, ಲಿನಕ್ಸ್ ಕೊಟ್ಟ ಬೈಟುಗಳನ್ನು ಹಾಗೇ ಇಟ್ಟುಕೊಳ್ಳುತ್ತದೆ. ಹೀಗಾಗಿ ‘ಕೋಲಾರ’ ಎಂಬ ಫೈಲು ಒಂದೇ ಡೈರೆಕ್ಟರಿಯಲ್ಲಿ ಎರಡು ಸಲ ಕಾಣಬಹುದು, ಅಥವಾ ಎದುರಿಗೇ ಇದ್ದರೂ ತೆರೆಯಲು ಹೋದರೆ ‘ಇಲ್ಲ’ ಅನ್ನಬಹುದು. ‘ೀ, ೇ, ೈ, ೊ, ೋ’ ಈ ಐದು ಇರುವ ಹೆಸರಿಗೆ ಮಾತ್ರ ಈ ಕಾಟ. ಮೈಸೂರಿಗೆ ಆಗುತ್ತದೆ, ಬೆಳಗಾವಿಗೆ ಆಗುವುದಿಲ್ಲ. ಅದಕ್ಕೇ ‘ಕೆಲವು ಫೈಲ್ ಮಾತ್ರ ಕೈಕೊಡುತ್ತವೆ’ ಎಂದು ಜನ ತಲೆ ಕೆರೆದುಕೊಳ್ಳುವುದು. ಆಗಲೇ ಕೆಟ್ಟಿರುವ ಹೆಸರುಗಳನ್ನು ಡೆಬಿಯನ್‌ನಲ್ಲಿ ‘ಕಾನ್ವ್‌ಎಂವಿ’ ಎಂಬ ಪ್ರೋಗ್ರಾಂ ಸರಿಪಡಿಸುತ್ತದೆ: ‘-ಎಫ್ ಯುಟಿಎಫ್8 -ಟಿ ಯುಟಿಎಫ್8 --ಎನ್‌ಎಫ್‌ಸಿ -ಆರ್ /ಡೇಟಾ’. ಹೀಗೆ ಕೊಟ್ಟರೆ ಏನು ಬದಲಾಗುತ್ತದೆ ಎಂದು ತೋರಿಸುತ್ತದೆ ಅಷ್ಟೆ. ನೋಡಿ ಒಪ್ಪಿಗೆಯಾದ ಮೇಲೆ ‘--ನೋಟೆಸ್ಟ್’ ಸೇರಿಸಿ.

ಮ್ಯಾಕ್ ಎರಡಕ್ಕೆ ಮಾತ್ರ ಸಾಂಬಾ ಎಂದು ಕೇಳಿದ್ದರೆ ನನ್ನ ಉತ್ತರ ಇಷ್ಟು ಖಡಾಖಂಡಿತ ಇರುತ್ತಿರಲಿಲ್ಲ. ಆಪಲ್ 2013ರ ಮ್ಯಾವರಿಕ್ಸ್‌ನಿಂದ ಸಾಂಬಾದ ಭಾಷೆಯಾದ ಎಸ್‌ಎಂಬಿಯನ್ನೇ ತನ್ನ ಮುಖ್ಯ ಹಂಚಿಕೆಯಾಗಿ ಇಟ್ಟುಕೊಂಡಿದೆ. ಲಾಗಿನ್ ಹೆಸರಿನ ಮೇಲೆ ನಡೆಯುವುದರಿಂದ 501ರ ಗೊಂದಲವೂ ಇಲ್ಲ. ಆದರೆ ಅದೇ ಫೈಲನ್ನು ಒಬ್ಬರು ಸಾಂಬಾದಿಂದ, ಇನ್ನೊಬ್ಬರು ಎನ್‌ಎಫ್‌ಎಸ್‌ನಿಂದ ಒಟ್ಟಿಗೆ ತಿದ್ದುವಂತಿದ್ದರೆ ಇಬ್ಬರೂ ಒಮ್ಮೆಗೇ ಬರೆಯದಂತೆ ತಡೆಯುವ ಲಾಕ್‌ಗಳು ಒಂದಕ್ಕೊಂದು ಸರಿಯಾಗಿ ಕಾಣುತ್ತವೆ ಎಂದು ನಂಬಿ ಕೂರಬೇಡಿ. ಫೋಲ್ಡರ್ ಬೇರೆ ಬೇರೆ ಇಡಿ.

ಫ್ರೀಬಿಎಸ್‌ಡಿಯಲ್ಲಿ ಯುಐಡಿ ಸರಿಯಾದ ಮೇಲೆ ಉಳಿಯುವುದು ಲಾಕ್ ವಿಷಯ. 3ನೇ ಆವೃತ್ತಿಯಲ್ಲಿ ಫೈಲ್ ಲಾಕ್ ಮಾಡುವುದು ಬೇರೆಯದೇ ಸೇವೆ. ‘ಆರ್‌ಸಿ.ಕಾನ್ಫ್’ನಲ್ಲಿ ‘ಎನ್‌ಎಫ್‌ಎಸ್_ಕ್ಲೈಂಟ್_ಎನೇಬಲ್’ ಜೊತೆಗೆ ‘ಆರ್‌ಪಿಸಿ_ಲಾಕ್‌ಡಿ_ಎನೇಬಲ್’, ‘ಆರ್‌ಪಿಸಿ_ಸ್ಟಾಟ್‌ಡಿ_ಎನೇಬಲ್’ ಎರಡಕ್ಕೂ ‘ಯೆಸ್’ ಹಾಕಿ. ಅಥವಾ ಫ್ರೀಬಿಎಸ್‌ಡಿಯನ್ನು 4ರಲ್ಲಿ ಮೌಂಟ್ ಮಾಡಿ, ಅದರಲ್ಲಿ ಲಾಕ್ ಒಳಗೇ ಸೇರಿದೆ. ಮುಂದೆ ಎಂದಾದರೂ ಫ್ರೀಬಿಎಸ್‌ಡಿಯಿಂದ ಹಂಚಬೇಕಾದರೆ ನೆನಪಿಡಿ: ಅಲ್ಲೂ ಫೈಲಿನ ಹೆಸರು ‘/ಈಟಿಸಿ/ಎಕ್ಸ್‌ಪೋರ್ಟ್ಸ್’, ವ್ಯಾಕರಣ ಮಾತ್ರ ಪೂರ್ತಿ ಬೇರೆ. ಆವರಣ ಚಿಹ್ನೆ ಇಲ್ಲ, ‘/ಡೇಟಾ -ಮ್ಯಾಪಾಲ್=ರವಿ -ನೆಟ್‌ವರ್ಕ್ 192.168.10.0/24’ ಎಂದು ಬರುತ್ತದೆ. ಲಿನಕ್ಸ್‌ನ ಸಾಲನ್ನು ಅಲ್ಲಿಗೆ ಕಾಪಿ ಮಾಡಿದರೆ ಕೆಲಸ ಆಗುವುದಿಲ್ಲ.

ಫೈರ್‌ವಾಲ್ ಇದ್ದರೆ 4ನೇ ಆವೃತ್ತಿಗೆ ಟಿಸಿಪಿ 2049 ಒಂದು ಸಾಕು. 3ಕ್ಕೆ ಅದರ ಜೊತೆ 111, ಮತ್ತು ಮೌಂಟ್‌ಡಿ, ಲಾಕ್‌ಡಿ, ಸ್ಟಾಟ್‌ಡಿ ಎಂಬ ಸಹಾಯಕ ಸೇವೆಗಳ ಪೋರ್ಟುಗಳು ಬೇಕು. ಕೊನೆಯ ಮೂರು ಸಾಮಾನ್ಯವಾಗಿ ಸರ್ವರ್ ಎದ್ದಾಗಲೆಲ್ಲ ಬೇರೆ ಬೇರೆ ಪೋರ್ಟ್ ಹಿಡಿಯುತ್ತವೆ. ‘ನಿನ್ನೆ ನಡೆಯುತ್ತಿತ್ತು, ರೀಬೂಟ್ ಆದ ಮೇಲೆ ಇಲ್ಲ’ ಎಂದರೆ ಇದೇ. ಡೆಬಿಯನ್‌ನ ‘/ಈಟಿಸಿ/ಎನ್‌ಎಫ್‌ಎಸ್.ಕಾನ್ಫ್’ನಲ್ಲಿ ಮೌಂಟ್‌ಡಿಗೆ 20048, ಲಾಕ್‌ಡಿಗೆ 4001, ಸ್ಟಾಟ್‌ಡಿಗೆ 4002 ಹೀಗೆ ಕಟ್ಟಿಹಾಕಿ ಅವನ್ನು ತೆರೆಯಿರಿ. ಕ್ಲೈಂಟಿನಿಂದ ‘ಆರ್‌ಪಿಸಿಇನ್ಫೋ -ಪಿ ಸರ್ವರ್’ ಕೊಟ್ಟರೆ ಯಾವುದು ಎಲ್ಲಿದೆ ಎಂದು ಪಟ್ಟಿ ಬರುತ್ತದೆ.

ಮೌಂಟ್ ಮಾಡುವಾಗ ‘ಸಾಫ್ಟ್’ ಹಾಕಿ ಎಂದು ಯಾರಾದರೂ ಹೇಳಿದರೆ, ಬರೆಯುವ ಡಿಸ್ಕಿಗೆ ಹಾಕಬೇಡಿ. ಡಿಫಾಲ್ಟ್ ಆದ ‘ಹಾರ್ಡ್’ನಲ್ಲಿ ಸರ್ವರ್ ಬಿದ್ದರೆ ಪ್ರೋಗ್ರಾಂ ಸುಮ್ಮನೆ ಕಾಯುತ್ತದೆ, ಸರ್ವರ್ ಎದ್ದ ಮೇಲೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಸಾಫ್ಟ್‌ನಲ್ಲಿ ಸ್ವಲ್ಪ ಹೊತ್ತು ಕಾದು ಎರರ್ ಕೊಡುತ್ತದೆ, ಆ ಎರರನ್ನು ಗಮನಿಸದ ಪ್ರೋಗ್ರಾಂ ಅರ್ಧ ಬರೆದ ಫೈಲನ್ನು ಪೂರ್ತಿ ಆಯಿತೆಂದು ಬಿಟ್ಟು ಹೋಗುತ್ತದೆ. ನೇತಾಡುವ ಟರ್ಮಿನಲ್ ಕಿರಿಕಿರಿ ನಿಜ, ಆದರೆ ಕೆಟ್ಟ ಫೈಲು ಆರು ತಿಂಗಳ ಮೇಲೆ ಗೊತ್ತಾಗುತ್ತದೆ. ಹಾಗೆಯೇ ವೇಗಕ್ಕಾಗಿ ಸರ್ವರಿನಲ್ಲಿ ‘ಎಸಿಂಕ್’ ಮಾಡುವುದೂ ಬೇಡ. ಡಿಸ್ಕಿಗೆ ಬೀಳುವ ಮೊದಲೇ ‘ಬರೆದಾಯಿತು’ ಎಂದು ಸರ್ವರ್ ಸುಳ್ಳು ಹೇಳುತ್ತದೆ. ನಮ್ಮ ಕರೆಂಟಿನ ಪರಿಸ್ಥಿತಿಯಲ್ಲಿ ಆ ಸುಳ್ಳು ದುಬಾರಿ.

ಒಬ್ಬರು ಇಟ್ಟ ಫೈಲು ಇನ್ನೊಬ್ಬರಿಗೆ ಅರ್ಧ ನಿಮಿಷ ಕಾಣದೆ ಹೋಗುವುದು ಸಹಜ. ಲಿನಕ್ಸ್ ಕ್ಲೈಂಟು ಡೈರೆಕ್ಟರಿಯ ಮಾಹಿತಿಯನ್ನು 30ರಿಂದ 60 ಸೆಕೆಂಡ್ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ‘.ಎನ್‌ಎಫ್‌ಎಸ್’ ಎಂದು ಶುರುವಾಗುವ ಉದ್ದ ಹೆಸರಿನ ಫೈಲುಗಳು ಕಂಡರೆ ಅಳಿಸಲು ಹೋಗಬೇಡಿ: ಯಾರೋ ತೆರೆದಿಟ್ಟುಕೊಂಡಿರುವಾಗಲೇ ಅಳಿಸಿದ ಫೈಲು ಅದು, ಅವರು ಮುಚ್ಚಿದ ಮೇಲೆ ತಾನೇ ಹೋಗುತ್ತದೆ. ‘ಸ್ಟೇಲ್ ಫೈಲ್ ಹ್ಯಾಂಡಲ್’ ಎಂದರೆ ಕ್ಲೈಂಟು ಹಿಡಿದಿರುವ ಗುರುತು ಈಗ ಸರ್ವರಿನಲ್ಲಿ ಇಲ್ಲ ಎಂದು. ಡಿಸ್ಕ್ ಫಾರ್ಮ್ಯಾಟ್ ಮಾಡಿದಾಗ, ಬೇರೆ ಡಿಸ್ಕಿಗೆ ಸಾಗಿಸಿದಾಗ ಬರುತ್ತದೆ. ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿ. ಲಿನಕ್ಸ್‌ನಲ್ಲಿ ಬಿಡದಿದ್ದರೆ ‘ಯುಮೌಂಟ್ -ಎಲ್’.

ಒಬ್ಬ ಯೂಸರ್ 16ಕ್ಕಿಂತ ಹೆಚ್ಚು ಗ್ರೂಪುಗಳಲ್ಲಿದ್ದರೆ ಉಳಿದವು ಕೋರಿಕೆಯಲ್ಲಿ ಹೋಗುವುದೇ ಇಲ್ಲ, ಅಷ್ಟೇ ಜಾಗ ಇರುವುದು. ಸರ್ವರಿನ ಮೌಂಟ್‌ಡಿಗೆ ‘ಮ್ಯಾನೇಜ್-ಜಿಐಡಿಎಸ್’ ಆನ್ ಮಾಡಿದರೆ ಸರ್ವರ್ ತನ್ನ ಗ್ರೂಪ್ ಪಟ್ಟಿಯನ್ನೇ ನೋಡಿಕೊಳ್ಳುತ್ತದೆ. ಹಾಗೆ ಮಾಡಿದರೆ ಎಲ್ಲ ಯೂಸರ್‌ಗಳೂ ಅದೇ ನಂಬರಿನಲ್ಲಿ ಸರ್ವರಿನಲ್ಲೂ ಇರಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಬಾಗಿಲು ತೆರೆದೇ ಇರುತ್ತದೆ. ನಿಮ್ಮ ನೆಟ್‌ವರ್ಕಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಅದರಲ್ಲಿ 5001 ನಂಬರಿನ ಯೂಸರ್ ಮಾಡಿಕೊಂಡವರು ಯಾರೇ ಆಗಲಿ ಸರ್ವರಿಗೆ ಅವರು ರವಿಯೇ. ಪಾಸ್‌ವರ್ಡ್ ಯಾರೂ ಕೇಳುವುದಿಲ್ಲ. ಅತಿಥಿಗಳ ವೈಫೈ ಇದೇ 192.168.10ರಲ್ಲಿ ಇದ್ದರೆ ಇವತ್ತೇ ಬೇರೆ ಮಾಡಿ, ಎಕ್ಸ್‌ಪೋರ್ಟ್ಸ್‌ನಲ್ಲಿ ಇಡೀ ನೆಟ್‌ವರ್ಕ್ ಬರೆಯುವ ಬದಲು ಆರು ಮೆಷಿನ್‌ಗಳಲ್ಲಿ ಕ್ಲೈಂಟ್ ಆದ ಐದರ ವಿಳಾಸವನ್ನಷ್ಟೇ ಬರೆಯಿರಿ. ಸಂಬಳದ ಲೆಕ್ಕದಂಥದ್ದನ್ನು ಕರ್ಬರೋಸ್ ಇಲ್ಲದೆ ಈ ಡಿಸ್ಕಿನಲ್ಲಿ ಇಡಬೇಡಿ.